ಮೂರು ಕಡೆ ನೋಡಿದ ಸುದ್ದಿ

ಸುದ್ದಿಯಲ್ಲಿ ನಿಜ ಯಾವುದು, ಸುಳ್ಳು ಯಾವುದು ಎಂದು ಜರಡಿ ಹಿಡಿಯುವುದನ್ನು ಕಲಿಸುವುದೇ ನನ್ನ ಕೆಲಸ. ಚಾಮರಾಜನಗರದಲ್ಲಿ ಬಸ್ ಹತ್ತಿ, ಗುಂಡ್ಲುಪೇಟೆಯಲ್ಲಿ ಇಳಿದು, ಇನ್ನೊಂದು ಬಸ್ಸಿನಲ್ಲಿ ಹಂಗಳ ದಾಟಿ, ಕಾಡಂಚಿನ ಒಂದು ಊರಿನ ಗ್ರಂಥಾಲಯಕ್ಕೆ ವಾರಕ್ಕೊಮ್ಮೆ ಹೋಗುತ್ತಿದ್ದೆ. ಶಾಲೆಯ ಮಕ್ಕಳ ಜೊತೆ, ಪೊಲೀಸ್ ಪರೀಕ್ಷೆಗೆ ಓದುತ್ತಿದ್ದ ಯುವಕನೊಬ್ಬನೂ ಬಂದು ಮುಂದಿನ ಬೆಂಚಿನಲ್ಲೇ ಕೂರುತ್ತಿದ್ದ. 'ಒಂದೇ ಕಡೆ ನೋಡಿ ನಂಬಬೇಡಿ, ಮೂರು ಕಡೆ ನೋಡಿ' ಎಂದು ಬೋರ್ಡಿನ ಮೇಲೆ ದಪ್ಪಗೆ ಬರೆದಾಗ ಅವನು ಅದರ ಫೋಟೋ ತೆಗೆದುಕೊಂಡ. ಇಂಥ ನಾಲ್ಕು ಜನ ಇದ್ದರೆ ಸಾಕಪ್ಪ ಎಂದು ಖುಷಿಪಟ್ಟಿದ್ದೆ.

ಆ ದಿನ ಪಾಠ ಶುರುವಾಗುವ ಮೊದಲೇ ಹೊರಗೆ ಕೂಗಾಟ. ಓಡಿಹೋಗಿ ನೋಡಿದರೆ, ವಯನಾಡು ಕಡೆಯಿಂದ ಮೊಪೆಡ್ಡಿನಲ್ಲಿ ಬೆಡ್‌ಶೀಟ್ ಮಾರಲು ಬರುತ್ತಿದ್ದ ಮನುಷ್ಯನನ್ನು ಅವನದೇ ಬೆಡ್‌ಶೀಟಿನಿಂದ ಲೈಟು ಕಂಬಕ್ಕೆ ಕಟ್ಟಿದ್ದರು. ಹಲ್ಲು ಮುರಿದು, ರಕ್ತ ಸುರಿದು ಎದೆಯೆಲ್ಲ ತೊಯ್ದಿತ್ತು. "ಞಾನಲ್ಲ ಸಾರೇ, ಞಾನಲ್ಲ" ಎನ್ನುತ್ತಿದ್ದ, ತಾನಲ್ಲವೆಂದು ಮಲಯಾಳದಲ್ಲಿ. ಆ ಮಾತಿಗೇ ಇನ್ನೊಂದು ಏಟು ಬಿತ್ತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವೀಡಿಯೊ ಬೆಳಿಗ್ಗೆಯಿಂದ ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು.

"ಬುಡ್ಬೇಡ ಕಣ್ಲಾ, ಕಾಲ್ ಮುರ್ದಾಕು!"

ಗುಂಪಿನಲ್ಲಿ ಯಾರೋ ಕೂಗಿದರು. ಸೌದೆ ಎತ್ತಿ ಬಡಿಯುತ್ತಿದ್ದವನು ನನ್ನ ಮುಂದಿನ ಬೆಂಚಿನವನೇ. ಕಾಲರ್ ಹಿಡಿದೆಳೆದು ಕೆನ್ನೆಗೆ ಬಾರಿಸಿದೆ.

"ಲೋ, ನಾನು ಇಷ್ಟು ದಿನ ಬಡ್ಕೊಂಡಿದ್ದು ಇದಕ್ಕೇನೋ?"

ಅವನಿಗೆ ನಾಚಿಕೆಯೇನೂ ಆಗಲಿಲ್ಲ. ಆಶ್ಚರ್ಯವಾಯಿತು, ಅಷ್ಟೆ. "ನೀವ್ ಏಳ್ದಂಗೇ ಮಾಡಿವ್ನಿ ಕಣ್ ಮೇಡಂ. ಮೂರ್ ಕಡೆ ನೋಡ್ಬುಟ್ಟೇ ಬಂದೆ. ನಮ್ಮೂರ್ ಗ್ರೂಪು, ಸಂಘದ್ ಗ್ರೂಪು, ನಮ್ ಮಾವನ್ ಮನೆ ಗ್ರೂಪು. ಮೂರ್ರಲ್ಲೂ ಇದೇ ಬಂದದೆ."

ಒಂದೇ ವೀಡಿಯೊ ಮೂರು ಬಾಗಿಲಿನಿಂದ ಬಂದಿದೆ ಕಣೋ ಎಂದು ಬಿಡಿಸಿ ಹೇಳಲು ಅದು ಹೊತ್ತಲ್ಲ. ಇನ್ನೆರಡು ಏಟು ಬಿದ್ದರೆ ಆ ಮನುಷ್ಯ ಸಾಯುತ್ತಿದ್ದ. ಕಂಬಕ್ಕೆ ಅಡ್ಡ ನಿಂತು, ಕೈ ಚಾಚಿ, ಗಂಟಲು ಹರಿಯುವಂತೆ ಕಿರುಚಿದೆ.

"ಯಾರ ಮಗು ಕಾಣ್ತಿಲ್ಲ? ಯಾರ ಮನೆದು? ಅದರ ತಾಯಿ ಯಾರು, ಮುಂದೆ ಬರಲಿ!"

ಯಾರೂ ಬರಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನನ್ ಐಕ್ಳು ಇಸ್ಕೂಲಲ್ಲವೆ," ಎಂದಳು ಒಬ್ಬಳು. "ನಮ್ಮವೂ ಅಲ್ಲೇ ಅವೆ ಕಣಕ್ಕ," ಎಂದಳು ಇನ್ನೊಬ್ಬಳು.

ಸದ್ಯ, ನಿಂತಿತು ಎಂದುಕೊಂಡೆ. ಗುಂಪಿನ ಹಿಂದಿನಿಂದ ಬಂದ ಒಂದು ಕಲ್ಲು ನನ್ನ ಹಣೆ ಸೀಳಿತು. ಇನ್ನೊಂದು ಕಂಬಕ್ಕೆ ಕಟ್ಟಿದ್ದವನ ಎಡಗಣ್ಣಿಗೆ ಬಿತ್ತು. ಅವನು ಕೂಗಲೂ ಇಲ್ಲ, ಕತ್ತು ಜೋತುಬಿತ್ತು. ಆ ಹೆಂಗಸರೇ ನುಗ್ಗಿ ಗಂಟು ಬಿಚ್ಚಿದರು. ಎಲ್ಲರೂ ಸೇರಿ ಅವನನ್ನು ಗ್ರಂಥಾಲಯದೊಳಕ್ಕೆ ಎಳೆದುಕೊಂಡು ಬಾಗಿಲು ಹಾಕಿದೆವು. ಪೊಲೀಸರು ಬರುವವರೆಗೂ ಬಾಗಿಲಿಗೆ ಕಲ್ಲುಗಳು ಬೀಳುತ್ತಲೇ ಇದ್ದವು. ಒಳಗೆ ಪಾಠಕ್ಕೆ ಬಂದಿದ್ದ ಮಕ್ಕಳು ಮೇಜಿನಡಿ ಕೂತು ಅಳುತ್ತಿದ್ದರು. ಥೂ, ಎಂಥ ಜನ ಇವರು ಎಂದು ನಾನೂ ಅತ್ತುಬಿಟ್ಟೆ.

ಅವನ ಜೀವ ಉಳಿಯಿತು. ಕಣ್ಣು ಉಳಿಯಲಿಲ್ಲ.

ಹಣೆಯ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಕುದೇರಿನಲ್ಲಿರುವ ಅಕ್ಕನ ಮನೆಗೆ ಹೊರಟು ಸಂತೆಮರಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಮಗಳನ್ನು ಕೂರಿಸಿಕೊಂಡಿದ್ದ ಹೆಂಗಸು ಫೋನ್ ನನ್ನ ಕಡೆ ತಿರುಗಿಸಿದಳು.

"ನೋಡಿ ಅಕ್ಕ, ಹಂಗಳದ್ ತಾವ ಮಕ್ಕಳ್ ಕಳ್ಳ ಸಿಕ್ಕವ್ನಂತೆ."

ಅದೇ ಕಂಬ, ಅದೇ ರಕ್ತ. ಮುಂದೆ ಕೈ ಚಾಚಿ ನಿಂತ ನಾನು. ನನ್ನ ಬಾಯಿ ಆಡುತ್ತಿತ್ತು, ದನಿ ಮಾತ್ರ ಇರಲಿಲ್ಲ. ಅದನ್ನು ತೆಗೆದು ಯಾರೋ ತಮಟೆ ಸದ್ದು ಹಾಕಿದ್ದರು. ಕೆಳಗೆ ಬರೆದಿತ್ತು: 'ಕಳ್ಳನ ಜೊತೆಗಾತಿ. ಕಂಡರೆ ಬಿಡಬೇಡಿ.'

"ಸುಳ್ಳು ಕಣಮ್ಮ ಅದು," ಎಂದೆ.

"ಸುಳ್ಳಾದ್ರೆ ಎಲ್ಲಾ ಗ್ರೂಪ್ನಲ್ಲೂ ಬಂದದಾ?"

ಅವಳು ಫೋನ್ ನೋಡಿದಳು. ನನ್ನ ಹಣೆಯ ಪಟ್ಟಿ ನೋಡಿದಳು. ಮತ್ತೆ ಫೋನ್ ನೋಡಿದಳು. ಆಮೇಲೆ ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಎದ್ದು ನಿಂತಳು.