ತಟ್ಟೆಯ ಅಂಚಿನ ಖಾರ

ಮರೆವಿನ ಕಾಯಿಲೆ ನಮ್ಮತ್ತೆಯ ಮೂಗು, ನಾಲಿಗೆಯನ್ನೂ ಬಿಡಲಿಲ್ಲ. ಎದುರಿಗೇ ಹಾಲು ಸೀದರೂ ಅವರಿಗೆ ವಾಸನೆ ಬರುವುದಿಲ್ಲ. ಸಪ್ಪೆ ಅನ್ನಿಸಿ ಸಾರಿಗೆ ಮತ್ತೆ ಮತ್ತೆ ಉಪ್ಪು ಹಾಕುತ್ತಾರೆ. ಪಾಂಡವಪುರದಿಂದ ಬಂದ ನಾದಿನಿ, "ಅವ್ವನ್ನ ಒಲೆ ತಾವ ಬುಡಬ್ಯಾಡಿ ಅತ್ಗೆ" ಎಂದಾಗ ನನಗೆ ರೇಗಿತು. ಪಾಲಹಳ್ಳಿಗೆ ಸೊಸೆಯಾಗಿ ಬಂದ ನನಗೆ ಅಡುಗೆ ಕಲಿಸಿದವರನ್ನು ನಾನೇ ಹೊರಗೆ ಕೂರಿಸಲೇ?

ಉಪ್ಸಾರು ಕಂಡುಹಿಡಿದ ಪುಣ್ಯಾತ್ಗಿತ್ತಿ ಯಾರೋ, ಅವಳ ಹೊಟ್ಟೆ ತಣ್ಣಗಿರಲಿ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರೇ ಅದರ ಸಾರು. ಮೆಣಸಿನಕಾಯಿ, ಬೆಳ್ಳುಳ್ಳಿ ಅರೆದ ಖಾರವನ್ನು ಬೇರೆಯಾಗಿ ತಟ್ಟೆಗೆ ಹಾಕಿಕೊಂಡು, ಬೇಕಾದಷ್ಟು ಕಲಸಿಕೊಂಡು ಉಣ್ಣುತ್ತೇವೆ. ನಾನು ಉಪ್ಪಿನ ಡಬ್ಬಿ ಎತ್ತಿಟ್ಟೆ. ಉಪ್ಪನ್ನೆಲ್ಲ ಖಾರದ ಜೊತೆಗೇ ಅರೆದೆ. ಸಾರು ಮಾಡುವ ಕೆಲಸ ಮಾತ್ರ ಅತ್ತೆಯದೇ.

ಮೊನ್ನೆ ಮುದ್ದೆ ಬಡಿಸಿದ ಮೇಲೆ ಖಾರದ ಬಟ್ಟಲನ್ನೂ ಅವರೇ ತಂದರು. ತಮ್ಮ ಮಗನ ತಟ್ಟೆಗೆ ಧಾರಾಳವಾಗಿ ಹಾಕಿದರು. ನಾನು ಯಾರೆಂದು ಈಗ ಅವರಿಗೆ ತಿಳಿಯುವುದಿಲ್ಲ. ಆದರೂ ನನ್ನ ತಟ್ಟೆಯ ಅಂಚಿಗೆ ಕಡಲೆಕಾಳಿನಷ್ಟೇ ಇಟ್ಟು, "ನಿಂಗೆ ಖಾರ ತಡ್ಯಕ್ಕಾಗಕಿಲ್ಲ, ಸಾಕು ಕಣವ್ವ" ಎಂದರು.