ಸ್ಟಾರ್ಟರ್ ಡಬ್ಬಿಗೆ ಒಡೆದ ಕಾಯಿ

ಈಜುಕೊಳದ ಪಂಪು ನಿಂತಿದೆ ಎಂದು ಎಲೆಕ್ಟ್ರಿಷಿಯನ್ ಆದ ನನ್ನನ್ನು ಜಮಖಂಡಿಗೆ ಕರೆಸಿದ್ದರು. ಹಿಂದಿನ ದಿನವಷ್ಟೇ ಖಂಡೇಪೂಜೆ, ಅಂದರೆ ಆಯುಧಪೂಜೆ, ಮುಗಿದಿತ್ತು. ಪಂಪಿನ ಸ್ಟಾರ್ಟರ್ ಡಬ್ಬಿಗೆ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕಿದ್ದರು. ಕೆಳಗೆ ನೆಲವೆಲ್ಲ ಒದ್ದೆ. ಟೆಸ್ಟರ್ ತಾಗಿಸಿ ನೋಡಿದರೆ ಡಬ್ಬಿಯ ತಗಡಿಗೇ ಕರೆಂಟ್ ಬಂದಿತ್ತು!

ಅಷ್ಟರಲ್ಲಿ ವಾಚ್‌ಮನ್ ಮಲ್ಲಪ್ಪ ಬರಿಗಾಲಲ್ಲಿ ಬಂದು, ಕೈಮುಗಿದು, ಡಬ್ಬಿಗೆ ಹಣೆ ಹಚ್ಚಲು ಬಾಗಿದ.

"ಮಲ್ಲಪ್ಪಣ್ಣಾ, ಮುಟ್ಟಬ್ಯಾಡ್ರಿ!"

ಅವನು ಗಕ್ಕನೆ ನಿಂತ. ಮೇನ್ ಬಂದ್ ಮಾಡಿ, ಫ್ಯೂಜು ಕಿತ್ತು ಕಿಸೆಗೆ ಹಾಕಿಕೊಂಡೆ. ಆಮೇಲೆ ಡಬ್ಬಿಯ ಬಾಗಿಲು ತೆರೆದೆ. ಒಳಗೆ ತಂತಿಗಳ ಮೇಲೆಲ್ಲ ಅಂಟಂಟು ನೀರು.

"ನಿನ್ನಿ ಕಾಯಿ ಎಲ್ಲಿ ಒಡದ್ರಿ?"

"ಇದರ ತಲಿ ಮ್ಯಾಲ ಒಡದೇನ್ರಿ. ಪೂಜಿ ಇದರದ, ಕಾಯಿ ಬ್ಯಾರೆ ಕಡೆ ಒಡೀಲೇನ್ರಿ?"

ಒರೆಸಿ, ಒಣಗಿಸಿ, ಸ್ಟಾರ್ಟರಿನ ಸುಟ್ಟ ಕಾಯಿಲ್ ಬದಲಿಸಿ, ಕಳಚಿದ್ದ ಅರ್ಥ್ ತಂತಿ ಬಿಗಿದೆ. ಫ್ಯೂಜು ಮತ್ತೆ ಹಾಕಿ, ಮೇನ್ ಚಾಲೂ ಮಾಡಿ, ಕಣ್ಣು ಮುಚ್ಚಿಕೊಂಡೇ ಗುಂಡಿ ಒತ್ತಿದೆ. ಪಂಪು ಗುಂಯ್ ಎಂದಿತು. ಕಣ್ಣು ತೆರೆದರೆ ಡಬ್ಬಿಯ ಮುಂದೆ ಮತ್ತೆ ಮಲ್ಲಪ್ಪ, ಎತ್ತಿದ ಕೈಯಲ್ಲಿ ಇನ್ನೊಂದು ಕಾಯಿ.

"ಛಲೋ ಆತ್ರಿ ಸಾಹೇಬ್ರ. ಒಂದ್ ಕಾಯಿ ಒಡದ ಬಿಡ್ತೇನಿ."

ಆ ಕಾಯಿ ಕಸಿದುಕೊಂಡೇ ಬಸ್ಸು ಹತ್ತಿದೆ. ಅಲ್ಲಿ ಬಿಟ್ಟು ಬರುವ ಧೈರ್ಯ ನನಗಿರಲಿಲ್ಲ.