ಬೆಂಟಿಲ್‌ನ ಬೆನ್ನೆಲುಬಿನ ಚಿತ್ರ

ಎಕೋ ಬೆಂಟಿಲ್ ಬಾವುಟ ಹಿಡಿದು ಕುಣಿಯತೊಡಗಿದನೆಂದರೆ ಸಾಲ್ಟ್‌ಪಾಂಡ್ ಪಟ್ಟಣದ ಆಚೆಯ ಆ ಬೆಸ್ತರ ಊರಿನಲ್ಲಿ ಬಲೆ ಹೆಣೆಯುವ ಕೈಗಳೂ ನಿಂತುಬಿಡುತ್ತಿದ್ದವು. ಊರಿಗೆ ಎರಡು ಪಡೆ, ಮೇಲ್ಕೇರಿಯದೊಂದು, ಕೆಳಕೇರಿಯದೊಂದು. ಅಜ್ಜಂದಿರ ಕಾಲದಲ್ಲಿ ಯುದ್ಧಕ್ಕೆ ಹೋಗುತ್ತಿದ್ದವರು ಈಗ ಹಬ್ಬದಲ್ಲಿ ಬಾವುಟ ಕುಣಿಸಿ ಒಬ್ಬರನ್ನೊಬ್ಬರು ಕೆಣಕುತ್ತಾರೆ. ಕೆಳಕೇರಿಯ ಬಾವುಟ ಬೆಂಟಿಲ್‌ನದು. ಅದನ್ನು ಕಾಲಸಂದಿಯಲ್ಲಿ ತೂರಿಸಿ, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಮಣ್ಣು ಸೋಕದಂತೆ ಮೇಲೆತ್ತುತ್ತಿದ್ದ. ಬಾವುಟ ನೆಲಕ್ಕೆ ಬಿದ್ದರೆ ಇಡೀ ಕೇರಿಗೇ ಅವಮಾನ.

ಅರವತ್ತು ದಾಟಿದ ಮೇಲೆ ಒಂದು ದಿನ ಮೂತ್ರ ಕಟ್ಟಿ ಒದ್ದಾಡಿದ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಂದರು. ರಾಜಧಾನಿ ಅಕ್ರಾದಲ್ಲಿದ್ದು ವಿಕಿರಣ ಚಿಕಿತ್ಸೆ ಮಾಡಿಸಿಕೊಂಡು ಬಂದವನು, ತಮ್ಮನ ಮನೆ ಕಟ್ಟಿಸಲು ಹೋಗಿದ್ದೆ ಎಂದು ಊರಿಗೆ ಹೇಳಿದ. ನಿಜ ಗೊತ್ತಿದ್ದದ್ದು ತೀರಿಹೋದ ಅಕ್ಕನ ಮಗಳು ಅರಬಾ ಒಬ್ಬಳಿಗೇ. ಮೀನನ್ನು ಹೊಗೆಯಲ್ಲಿಟ್ಟು ಮಾರುತ್ತಿದ್ದ ಆಕೆ ಬಾಯಿ ಬಿಡುವ ಹೆಂಗಸಲ್ಲ.

ಮೂರು ವರ್ಷ ಚೆನ್ನಾಗಿಯೇ ಕಳೆಯಿತು. ಮತ್ತೆ ಕುಣಿದ. ಆಮೇಲೆ ಬೆನ್ನು ನೋಯತೊಡಗಿತು. ದೋಣಿ ಎಳೆದದ್ದಕ್ಕಿರಬೇಕು ಎಂದುಕೊಂಡು ತಾಳೆಯೆಣ್ಣೆ ತಿಕ್ಕಿಸಿಕೊಂಡ. ರಕ್ತಪರೀಕ್ಷೆಯ ಅಂಕಿ ಏರುತ್ತಿರುವುದನ್ನು ಕಂಡ ಅಕ್ರಾದ ಡಾಕ್ಟರಮ್ಮ ಮಾತ್ರ, ಮೂಳೆಗಳ ಸ್ಕ್ಯಾನ್ ಆಗಲೇಬೇಕು ಎಂದಳು.

ತೋಳಿಗೆ ಸೂಜಿ ಚುಚ್ಚಿದರು. ವಿಕಿರಣ ಸೂಸುವ ಆ ಮದ್ದು ಮೂಳೆಗೆ ಇಳಿಯುವತನಕ ನೀರು ಕುಡಿಯುತ್ತ ಕಾಯಬೇಕು.

"ಇವತ್ತೊಂದಿನ ಮಕ್ಕಳನ್ನ ಎತ್ಕೋಬೇಡಿ ಯಜಮಾನ್ರೇ. ಬಸುರಿಯರ ಹತ್ರಾನೂ ಕೂರಬೇಡಿ," ಎಂದ ಸ್ಕ್ಯಾನಿನವನು.

ಬೆಂಟಿಲ್ ಬೆಂಚಿನ ತುದಿಗೆ ಸರಿದು ಅರಬಾಗೆ, "ನೀನೂ ದೂರ ಕೂತ್ಕೊ," ಎಂದ.

"ನಾನೇನ್ ಬಸುರೀನಾ ಮಾವ, ಈ ವಯಸ್ನಲ್ಲಿ? ಸುಮ್ನೆ ಕೆಂಕಿ ಉಂಡೆ ತಿನ್ನು."

ಯಂತ್ರದ ಹಲಗೆ ಮೂಗಿನ ತನಕ ಇಳಿದು ಬಂದಾಗ, ಅಲುಗಾಡದೆ ಮಲಗುವುದೆಂದರೆ ಎಷ್ಟು ಕಷ್ಟವೆಂದು ಅವನಿಗೆ ತಿಳಿಯಿತು. ಬಿರುಗಾಳಿಯ ಕಡಲಿನಲ್ಲೂ ಅವನು ಅಷ್ಟು ಹೆದರಿದವನಲ್ಲ.

ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದಳು. ಬೂದು ಬಣ್ಣದ ಅಸ್ಥಿಪಂಜರ. ಅಲ್ಲಲ್ಲಿ ಕಾಡಿಗೆ ಮೆತ್ತಿದಂಥ ಕಲೆಗಳು.

"ಕಪ್ಪಗಿರೋದೆಲ್ಲ ಅದೇನಾ?"

"ಅದೇ. ಸೊಂಟದಲ್ಲಿದೆ, ಪಕ್ಕೆಲುಬಲ್ಲಿದೆ. ಬೆನ್ನುಮೂಳೇಲಿ ಇಲ್ಲಿ, ಕಾಲಿಗೆ ಹೋಗೋ ನರದ ಪಕ್ಕದಲ್ಲೇ ಇದೆಯಲ್ಲ, ನಂಗೆ ಭಯ ಇದರದ್ದೇ. ಗಂಡಸಿನ ಹಾರ್ಮೋನೇ ಇದಕ್ಕೆ ಮೇವು, ಅದನ್ನ ನಿಲ್ಲಿಸ್ಬೇಕು. ಬೀಜ ಎರಡೂ ತೆಗೆದುಬಿಟ್ರೆ ಬೇಗ ನಿಲ್ಲುತ್ತೆ. ಬೇಡ ಅಂದ್ರೆ ಇಂಜೆಕ್ಷನ್ನು, ಜೀವ ಇರೋ ತನಕ. ಯಾವುದಾದ್ರೂ ಸರಿ, ಈ ವಾರಾನೇ ಶುರು ಮಾಡೋಣ."

"ಬೀಜ ಒಡೆದ ಹೋತ ಬಾವುಟ ಹಿಡಿಯುತ್ತಾ? ಸೂಜಿ ಚುಚ್ಚಿದ್ರೂ ಅದೇ ಕತೆ ತಾನೆ? ಗಂಡಸ್ತನ ಕಿತ್ಕೊಂಡು ನಂಗೇನು ಉಳಿಸ್ತೀರಿ ತಾಯಿ?"

"ಕಾಲು ಉಳಿಸ್ತೀನಿ," ಎಂದಳು ಆಕೆ.

ಹಬ್ಬ ಮುಗಿಯಲಿ ಎಂದು ಎದ್ದುಬಂದ. ಬಸ್ ನಿಲ್ದಾಣದಲ್ಲಿ ಅರಬಾ ಬೈದಳು, ಕೈ ಮುಗಿದಳು, ಕಡೆಗೆ ಅತ್ತಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಬ್ಬ ಇನ್ನೂ ಬಂದಿರಲಿಲ್ಲ. ಕಡಲದಂಡೆಯಲ್ಲಿ ತಾಲೀಮು ನಡೆಯುತ್ತಿತ್ತು. ಬೆನ್ನು ಬಾಗಿಸಿ ಬಾವುಟ ಎಳೆದುಕೊಂಡವನು ಹಾಗೆಯೇ ಕುಸಿದ. ಕಾಲು ನೋಯಲಿಲ್ಲ, ಕಾಲು ಇದ್ದಂತೆಯೇ ಅನಿಸಲಿಲ್ಲ. ಬಾವುಟ ಮರಳಿನಲ್ಲಿ ಬಿದ್ದಿತ್ತು.

ಗಾಡಿ ಹೊಂದಿಸಿ ಅಕ್ರಾ ಮುಟ್ಟುವಷ್ಟರಲ್ಲಿ ಎರಡು ದಿನ ಕಳೆದಿತ್ತು. ಈ ಸಲ ಗಡಗಡ ಸದ್ದು ಮಾಡುವ ಕೊಳವೆಯೊಳಗೆ ಮಲಗಿಸಿದರು. ಬೆನ್ನಿನ ಮೂಳೆ ಕುಸಿದು ನರವನ್ನು ಅದುಮಿತ್ತು. ಬೆನ್ನು ಕೊಯ್ದರು, ವಿಕಿರಣ ಕೊಟ್ಟರು, ಬೀಜವನ್ನೂ ತೆಗೆದರು. ಅವನು ಎಲ್ಲಕ್ಕೂ ರುಜು ಹಾಕಿದ. ಕಾಲು ಬರಲಿಲ್ಲ.

ಊರಿಗೆ ಮರಳುವ ಹೊತ್ತಿಗೆ ಕೆಳಕೇರಿಯಲ್ಲಿ ಸುದ್ದಿ ಹಬ್ಬಿತ್ತು. ಮೇಲ್ಕೇರಿಯವರು ಮಾಟ ಮಾಡಿಸಿದ್ದಾರೆ, ಇಲ್ಲದಿದ್ದರೆ ಬೆಂಟಿಲ್‌ನ ಕೈಯಿಂದ ಬಾವುಟ ಬೀಳುವುದುಂಟೆ? ಹುಡುಗರು ಮಚ್ಚು ಮಸೆದು ಪಡೆಯ ಮನೆಯ ಮುಂದೆ ಸೇರಿದ್ದರು. ಪಡೆಯ ನಾಯಕ ಕ್ವಾಮಿನಾ ಒಟೂ ಬೆಂಟಿಲ್‌ನ ಹಾಸಿಗೆಯ ಬಳಿ ಬಂದು, "ಯಾರ ಮೇಲೆ ಅನುಮಾನ ಅಂತ ಒಂದೇ ಮಾತು ಹೇಳು ಸಾಕು," ಎಂದ.

"ನನ್ನ ಅಲ್ಲಿಗೆ ಹೊತ್ಕೊಂಡು ಹೋಗ್ರೋ. ಅರಬಾ, ಆ ಫಿಲ್ಮ್ ತಗೊಂಡ್ಬಾ."

ಕುರ್ಚಿಯಲ್ಲಿ ಕೂತು ಫಿಲ್ಮನ್ನು ಬಿಸಿಲಿಗೆ ಹಿಡಿದ.

"ನೋಡ್ರೋ, ಇದು ನಾನೇ. ಬಾವುಟ ಬೀಳೋಕೂ ಮುಂಚೆ ತೆಗೆದಿದ್ದು. ಈ ಕಪ್ಪು ಆಗ್ಲೇ ಇತ್ತು. ಇದು ಹುಟ್ಟಿದ್ದು ಉಚ್ಚೆ ಹುಯ್ಯೋ ಜಾಗದಲ್ಲಿ, ಮೇಲ್ಕೇರೀಲಲ್ಲ. ಇದನ್ನ ನಿಲ್ಸೋಕೆ ನನ್ನ ಬೀಜ ತೆಗೆದಿದಾರೆ. ಮುಂಚೇನೇ ತೆಗೀತೀನಿ ಅಂದ್ರು, ಕುಣಿಯೋ ಆಸೆಗೆ ಬೇಡ ಅಂದೆ. ಹೊಡೀಲೇಬೇಕು ಅಂತಿದ್ರೆ ನಂಗೇ ಹೊಡೀರಿ."

ಹಿಂದಿನಿಂದ ಯಾವನೋ ಕಿಸಕ್ಕೆಂದ. ಒಟೂ ತಿರುಗಿ ನೋಡಿದ್ದಕ್ಕೆ ಸುಮ್ಮನಾದ. ಮಚ್ಚುಗಳು ಮನೆ ಸೇರಿದವು. ಹೋಗುವಾಗ ಒಬ್ಬರೂ ಬೆಂಟಿಲ್‌ನ ಮುಖ ನೋಡಲಿಲ್ಲ.

"ಅಷ್ಟು ಬಿಡಿಸಿ ಹೇಳ್ಬೇಕಿತ್ತಾ ಮಾವ?" ಎಂದಳು ಅರಬಾ.

"ಅರ್ಧ ಹೇಳಿದ್ರೆ ಉಳಿದರ್ಧ ಅವ್ರೇ ಕಟ್ಕೋತಾರೆ."

ಆಮೇಲೆ ಗೆಳೆಯರು ಬರುವುದು ಕಡಿಮೆಯಾಯಿತು. ಹಾಸಿಗೆಹುಣ್ಣು ಶುರುವಾಯಿತು. ಒಂದು ಮಧ್ಯಾಹ್ನ ಒಟೂ ಬಂದು ಕೂತ. ಮೀನಿನ ಮಾತಾಡಿದ, ಬಲೆಯ ಮಾತಾಡಿದ, ಕೊನೆಗೆ ದನಿ ತಗ್ಗಿಸಿ, "ನಿಂಗೆ ಮೊದಮೊದಲು ಉಚ್ಚೆ ಹ್ಯಾಗೆ ಕಟ್ತಿತ್ತು?" ಎಂದ.

ಬೆಂಟಿಲ್ ಅವನ ಕೈ ಹಿಡಿದುಕೊಂಡ. "ಅರಬಾ ಜೊತೆ ಅಕ್ರಾಕ್ಕೆ ಹೋಗು. ನನ್ನ ಹಾಗೆ ಹಬ್ಬ ನೋಡ್ಕೊಂಡು ಕೂರಬೇಡ."

ಒಟೂಗೂ ಅದೇ ಕಾಯಿಲೆ. ಆದರೆ ಸ್ಕ್ಯಾನಿನಲ್ಲಿ ಮೂಳೆಗಳು ಶುಭ್ರವಾಗಿದ್ದವು. ಅರಬಾ ಸುದ್ದಿ ತಂದಾಗ ಬೆಂಟಿಲ್ ಜ್ವರದಲ್ಲಿದ್ದ.

"ಬೆನ್ನಲ್ಲೂ ಇಲ್ವಾ?" ಎಂದು ಕೇಳಿದ.

"ಎಲ್ಲೂ ಇಲ್ಲ ಮಾವ."

ಅವನು ಗೋಡೆಯತ್ತ ಮುಖ ತಿರುಗಿಸಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಗೆಳೆಯ ಉಳಿದನೆಂದು ಅತ್ತನೋ, ತಾನು ಉಳಿಯಲಿಲ್ಲವೆಂದು ಅತ್ತನೋ ಅರಬಾಗೆ ತಿಳಿಯಲಿಲ್ಲ. ಅವಳು ಹುಣ್ಣಿನ ಬಟ್ಟೆ ಬದಲಾಯಿಸಿ ಪಕ್ಕದಲ್ಲಿ ಕೂತಳು. ಆ ಮಳೆಗಾಲ ಕಳೆಯುವ ಮೊದಲೇ ಅವನು ತೀರಿಕೊಂಡ.